ಬೊಗಳುವ ಪೆಟ್ಟಿಗೆಯ ಸುದ್ದಿ

ನಾನು ಪುತ್ತೂರಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಾಠದ ಜೊತೆಗೆ ಕಾಲೇಜಿನ ಸುದ್ದಿ ಬರೆದು ಪತ್ರಿಕೆಗಳಿಗೆ ಕಳಿಸುವ ಕೆಲಸವೂ ನನ್ನದೇ. ಅದನ್ನು ನಾನು ಕೇಳಿ ಪಡೆದದ್ದಲ್ಲ. ಮೊದಲು ಆ ಕೆಲಸ ಮಾಡುತ್ತಿದ್ದವರು ನಿವೃತ್ತರಾದ ವಾರ ಪ್ರಾಂಶುಪಾಲರು ನನ್ನನ್ನು ಕರೆದು, "ನಿಮ್ಮ ಕನ್ನಡ ಚಂದ ಉಂಟಲ್ಲ ಮೇಡಂ, ಇದನ್ನೂ ನೀವೇ ನೋಡ್ಕೊಳ್ಳಿ" ಎಂದರು. ಅಲ್ಲಿಗೆ ಮುಗಿಯಿತು. ಭಾಷಾ ವಿಭಾಗದ ಮೂಲೆಯಲ್ಲಿದ್ದ ಮೇಜು, ಒಂದು ಹಳೆಯ ಕಂಪ್ಯೂಟರು ಮತ್ತು ನನ್ನ ಸ್ವಂತ ಮೊಬೈಲು, ಇಷ್ಟು ಸೇರಿ ಕಾಲೇಜಿನ ಮಾಧ್ಯಮ ವಿಭಾಗ ಎನಿಸಿಕೊಂಡಿತು.

ಮೊದಲ ವರ್ಷ ನಾನು ಹಿಂದಿನವರು ಬರೆಯುತ್ತಿದ್ದ ರೀತಿಯಲ್ಲೇ ಬರೆದೆ. ಇಂಥವರು ದೀಪ ಬೆಳಗಿಸಿ ಉದ್ಘಾಟಿಸಿದರು, ಇಂಥವರು ಅಧ್ಯಕ್ಷತೆ ವಹಿಸಿದ್ದರು, ವೇದಿಕೆಯಲ್ಲಿ ಇಂತಿಂಥವರು ಉಪಸ್ಥಿತರಿದ್ದರು, ಒಬ್ಬರು ಸ್ವಾಗತಿಸಿದರು, ಇನ್ನೊಬ್ಬರು ವಂದಿಸಿದರು. ಸಮಾರಂಭದಲ್ಲಿ ಬಂದವರು ಏನು ಮಾತಾಡಿದರು ಎಂಬುದಕ್ಕಿಂತ ಯಾರ ಹೆಸರೂ ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಚಿಂತೆ. ಒಂದು ಹೆಸರು ಬಿಟ್ಟರೆ ಮರುದಿನ ಸ್ಟಾಫ್ ರೂಮಿನಲ್ಲಿ ಒಬ್ಬರ ಮುಖ ನನ್ನ ಕಡೆಗೆ ತಿರುಗುತ್ತಿರಲಿಲ್ಲ.

ಒಮ್ಮೆ ಒಂದು ಸಮಾರಂಭ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಊರಿನ ಪತ್ರಿಕೆಯ ವರದಿಗಾರರೊಬ್ಬರು ತಟ್ಟೆಯಲ್ಲಿ ಗೋಳಿಬಜೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕು ಸುತ್ತಿ ಸುದ್ದಿ ಮಾಡಿದವರು, ಮಾತಿನಲ್ಲಿ ನಯ ಕಡಿಮೆ.

"ಬೇಸರ ಮಾಡ್ಕೊಳ್ಬೇಡಿ ಮೇಡಂ. ನೀವು ಕಳಿಸುದ್ರಲ್ಲಿ ಸುದ್ದಿ ಎಲ್ಲಿ ಉಂಟು ಅಂತ ಹುಡುಕ್ಲಿಕ್ಕೆ ನನಗೆ ಅರ್ಧ ಗಂಟೆ ಬೇಕು" ಎಂದರು.

"ಹಾಗಾದ್ರೆ ಎಂತ ಬರೀಬೇಕು?"

"ಓದಿದವ ಪಕ್ಕದ ಮನೆಗೆ ಹೋಗಿ ಹೇಳ್ಬೇಕು, ಅಂಥದ್ದು ಬರೀರಿ. ವಂದಿಸಿದವರ ಹೆಸರನ್ನು ಯಾರೂ ಪಕ್ಕದ ಮನೆಗೆ ಹೋಗಿ ಹೇಳುದಿಲ್ಲ."

ಮಾತು ನಾಟಿತು. ಕನ್ನಡ ಕಲಿಸುವವಳಿಗೆ ಬರೆಯಲು ಬರುವುದಿಲ್ಲ ಎಂದ ಹಾಗೆ ಕೇಳಿಸಿತು. ಮುಂದಿನ ಸಲ ಜನ ಆಡಿಕೊಳ್ಳುವಂಥ ಸುದ್ದಿಯನ್ನೇ ಕಳಿಸಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡೆ.

ಅಂಥದ್ದೊಂದು ಸಿಕ್ಕಿದ್ದು ತಿಂಗಳೊಪ್ಪತ್ತಿನಲ್ಲಿ, ಮೆಟ್ಟಿಲ ಬಳಿ. ಭೌತಶಾಸ್ತ್ರದ ಸರ್ ಕೆಳಗಿಳಿಯುತ್ತಿದ್ದರು, ನಾನು ಹತ್ತುತ್ತಿದ್ದೆ.

"ಮೇಡಂ, ನಮ್ಮ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟಿಗೆ ಒಂದು ಪೆಟ್ಟಿಗೆ ಮಾಡಿದ್ದಾರೆ. ಮಂಗ ಓಡಿಸುದು" ಎಂದರು. ಎದುರಿಗೆ ಏನಾದರೂ ಅಲುಗಾಡಿದರೆ ಅದರೊಳಗಿನ ಸೆನ್ಸರಿಗೆ ಗೊತ್ತಾಗುತ್ತದೆ, ಕೂಡಲೇ ಸ್ಪೀಕರಿನಿಂದ ನಾಯಿ ಬೊಗಳುವ ಸದ್ದು, ಪಟಾಕಿಯ ಸದ್ದು ಬರುತ್ತದೆ ಎಂದು ವಿವರಿಸಿದರು. "ಕ್ಯಾಂಪಸ್ಸಿನಲ್ಲಿ ಹತ್ತು ದಿನ ಇಟ್ಟಿದ್ದೆವು. ಒಂದೇ ಒಂದು ಮಂಗ ಬರ್ಲಿಲ್ಲ."

ಮಂಗಗಳ ವಿಷಯ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಳೆಗೊನೆ, ತೊಂಡೆ ಚಪ್ಪರ, ಕೊಕ್ಕೋ ಕಾಯಿ, ಎಳನೀರಿನ ಬೊಂಡ, ಯಾವುದನ್ನೂ ಅವು ಬಿಡುವುದಿಲ್ಲ. ಪುತ್ತೂರಿನಿಂದ ಸುಳ್ಯದವರೆಗೆ ಬಸ್ಸಿನಲ್ಲಿ ಕುಳಿತರೆ ಯಾರಾದರೊಬ್ಬರು ಮಂಗಗಳ ಮಾತು ತೆಗೆದೇ ತೆಗೆಯುತ್ತಾರೆ. ಪಕ್ಕದ ಮನೆಗೆ ಹೋಗಿ ಹೇಳುವ ಸುದ್ದಿ ಎಂದರೆ ಇದೇ ಎಂದುಕೊಂಡೆ.

ಮಧ್ಯಾಹ್ನದ ಬಿಡುವಿನಲ್ಲಿ ಮೂವರು ವಿದ್ಯಾರ್ಥಿಗಳನ್ನು ಪೆಟ್ಟಿಗೆಯೊಂದಿಗೆ ಹೊರಗೆ ನಿಲ್ಲಿಸಿ ಫೋಟೋ ತೆಗೆದೆ. ಪೆಟ್ಟಿಗೆಯನ್ನು ಮುಖ್ಯವಾಗಿ ಯೋಚಿಸಿ ಮಾಡಿದವಳು ಅವರಲ್ಲಿದ್ದ ಒಬ್ಬ ಹುಡುಗಿ, ಕಡಬದ ಹತ್ತಿರದ ಹಳ್ಳಿಯವಳು. ಫೋಟೋ ತೆಗೆಯುವಾಗ ಅವಳು, "ಮೇಡಂ, ಒಂದು ವಿಷಯ..." ಎಂದು ಶುರು ಮಾಡಿದಳು.

"ಆಮೇಲೆ ಹೇಳು ಮಾರಾಯ್ತಿ. ಪೆಟ್ಟಿಗೆಯನ್ನು ಸ್ವಲ್ಪ ಎತ್ತಿ ಹಿಡಿ, ಮುಖಕ್ಕೆ ನೆರಳು ಬೀಳ್ತದೆ" ಎಂದೆ.

ಫೋಟೋ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ನನಗೆ ಕ್ಲಾಸಿತ್ತು, ಅವಳಿಗೆ ಲ್ಯಾಬ್ ಇತ್ತು. ಆ ವಿಷಯ ಏನೆಂದು ನಾನು ಕೇಳಲೇ ಇಲ್ಲ.

ಸಂಜೆ ಕುಳಿತು ಬರೆದೆ. 'ಮಂಗಗಳ ಕಾಟಕ್ಕೆ ಕೊನೆಗೂ ಮುಕ್ತಿ' ಎಂದು ಶೀರ್ಷಿಕೆ ಕೊಟ್ಟೆ. 'ತೋಟಕ್ಕೆ ನುಗ್ಗುವ ಮಂಗಗಳಿಂದ ಕಂಗೆಟ್ಟ ಕೃಷಿಕರು ಇನ್ನು ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಬಹುದು' ಎಂಬುದು ಮೊದಲ ವಾಕ್ಯ. ಎರಡು ಸಲ ಓದಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸರ್ ಗೆ ತೋರಿಸಿದಾಗ ಅವರು ಅವಸರದಲ್ಲಿದ್ದರು, "ಚಂದ ಆಗಿದೆ" ಎಂದರು. ಮೂರು ದಿನಗಳಲ್ಲಿ ಎಲ್ಲ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಫೋಟೋ ಸಹಿತ ಬಂತು. ವರದಿಗಾರರು ಫೋನ್ ಮಾಡಿ, "ಈಗ ಸುದ್ದಿ ಆಯ್ತು ನೋಡಿ" ಎಂದರು. ಪುತ್ತೂರಿನ ಹತ್ತಿರದ ಸವಣೂರಿನಲ್ಲಿರುವ ನನ್ನ ಚಿಕ್ಕಮ್ಮ, ಬರೆದವಳು ನಾನೆಂದು ತಿಳಿಯದೆ, ಆ ತುಣುಕನ್ನು ನನಗೇ ವಾಟ್ಸಾಪಿನಲ್ಲಿ ಕಳಿಸಿ, 'ನಿಮ್ಮ ಕಾಲೇಜಿನದ್ದಂತೆ, ನಮಗೂ ಒಂದು ಸಿಗ್ತದಾ ಕೇಳು' ಎಂದು ಬರೆದರು.

ಹಾಗೆ ಕೇಳಿದವರು ಅವರೊಬ್ಬರೇ ಅಲ್ಲ. ಕಾಲೇಜಿನ ಕಚೇರಿಗೆ ಕರೆಗಳು ಬರತೊಡಗಿದವು. ಸುಳ್ಯದಿಂದ, ಕಡಬದಿಂದ, ಉಪ್ಪಿನಂಗಡಿಯಿಂದ. ಕಚೇರಿಯವರು ಪ್ರತಿಯೊಂದನ್ನೂ ನನ್ನ ಕಡೆಗೆ ದಾಟಿಸಿದರು. ನಾನು ಹೆಸರು, ಊರು, ನಂಬರು ಬರೆದುಕೊಂಡು, "ವಿಭಾಗದವರು ತಿಳಿಸ್ತಾರೆ" ಎನ್ನುತ್ತಾ ಹೋದೆ. ಎರಡು ದಿನಗಳಲ್ಲಿ ನಾಲ್ಕು ಪುಟ ತುಂಬಿತು. ಆಗಲೂ ನನಗೆ ಹೆಮ್ಮೆಯೇ ಆಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ ಕ್ಲಾಸು ಮುಗಿಸಿ ಬರುವಾಗ ವಿಭಾಗದ ಹೊರಗಿನ ಬೆಂಚಿನಲ್ಲಿ ಅರುವತ್ತರ ಆಸುಪಾಸಿನ ಒಬ್ಬ ಹೆಂಗಸು ಕುಳಿತಿದ್ದರು. ಮಡಿಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ನಾಲ್ಕಾಗಿ ಮಡಚಿದ ಪತ್ರಿಕೆಯ ತುಣುಕು. ನನ್ನನ್ನು ಕಂಡು ಎದ್ದು ನಿಂತರು.

"ಮಂಗದ ಪೆಟ್ಟಿಗೆಯ ಬಗ್ಗೆ ಬರೆದದ್ದು ನೀವಾ ಟೀಚರೇ?"

"ಹೌದಮ್ಮ. ಕೂತ್ಕೊಳ್ಳಿ. ಎಲ್ಲಿಂದ ಬಂದ್ರಿ?"

"ಬೆಟ್ಟಂಪಾಡಿಯಿಂದ. ಸೊಸೆ ಓದಿ ಹೇಳಿದ್ಲು, ಫೋನ್ ಮಾಡಿ ಅಂದ್ಲು. ನನಗೆ ಫೋನಿನಲ್ಲಿ ಕೇಳಿದ್ರೆ ಸಮಾಧಾನ ಆಗುದಿಲ್ಲ, ನೋಡಿಯೇ ಬರುವ ಅಂತ ಬಂದದ್ದು." ತುಣುಕನ್ನು ಬಿಡಿಸಿ ಮೊದಲ ವಾಕ್ಯದ ಮೇಲೆ ಬೆರಳಿಟ್ಟರು. "ಇದೊಂದು ನನಗೆ ಅರ್ಥ ಆಗ್ಲಿಲ್ಲ. ರಾತ್ರಿ ನೆಮ್ಮದಿಯಲ್ಲಿ ನಿದ್ದೆ ಮಾಡಬಹುದು ಅಂತ ಬರ್ದಿದ್ದೀರಿ. ಮಂಗ ರಾತ್ರಿ ಬರುದಿಲ್ಲ ಟೀಚರೇ. ರಾತ್ರಿ ಬರುದು ಹಂದಿ."

ಅವರ ದನಿಯಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ, ನಿಜವಾಗಿಯೂ ಸಂಶಯ ಕೇಳುತ್ತಿದ್ದರು. ಪೇಟೆಯ ಬಾಡಿಗೆ ಮನೆಯಲ್ಲಿ ಹತ್ತು ವರ್ಷದಿಂದ ಇರುವವಳು ನಾನು. ಮಂಗಗಳ ಬಗ್ಗೆ ಇಷ್ಟುದ್ದ ಬರೆದವಳು ಅವು ಯಾವ ಹೊತ್ತಿಗೆ ಬರುತ್ತವೆ ಎಂದು ಒಬ್ಬರಲ್ಲೂ ಕೇಳಿರಲಿಲ್ಲ.

ಭೌತಶಾಸ್ತ್ರ ವಿಭಾಗಕ್ಕೆ ಅವರನ್ನು ಕರೆದುಕೊಂಡು ಹೋದೆ. ಸರ್ ಇದ್ದರು. ಆ ಹುಡುಗಿಯನ್ನೂ ಕರೆಸಿದರು. ಪೆಟ್ಟಿಗೆ ಮೇಜಿನ ಮೇಲಿತ್ತು, ಪ್ಲೈವುಡ್ಡಿನದು, ಶಾಲೆಯ ಬ್ಯಾಗಿನಷ್ಟು ದೊಡ್ಡದು. ಬೆಟ್ಟಂಪಾಡಿಯ ಅಮ್ಮ ಅದನ್ನು ನಾಲ್ಕೂ ಕಡೆಯಿಂದ ನೋಡಿ ಹುಡುಗಿಯನ್ನು ಕೇಳಿದರು.

"ಇದು ಎಷ್ಟು ಮಂಗವನ್ನು ಓಡಿಸಿದೆ ಮಗಾ?"

ಹುಡುಗಿ ಮೊದಲು ಸರ್ ಮುಖ ನೋಡಿದಳು, ಆಮೇಲೆ ನನ್ನ ಮುಖ. "ಒಂದನ್ನೂ ಇಲ್ಲ" ಎಂದಳು.

"ಹತ್ತು ದಿನ ಇಟ್ಟಿದ್ದಿರಲ್ಲ?" ಎಂದೆ ನಾನು.

"ಇಟ್ಟಿದ್ದೆವು ಮೇಡಂ. ಆದ್ರೆ ಅದು ರಜೆಯ ಹತ್ತು ದಿನ. ಹಾಸ್ಟೆಲಿನಲ್ಲಿ ಜನ ಇರ್ಲಿಲ್ಲ, ಕ್ಯಾಂಟೀನ್ ಮುಚ್ಚಿತ್ತು. ಮಂಗ ಇಲ್ಲಿಗೆ ಬರುದೇ ಅಲ್ಲಿ ಬಿಸಾಡಿದ್ದನ್ನು ತಿನ್ಲಿಕ್ಕೆ. ಪೆಟ್ಟಿಗೆ ಇಲ್ಲದಿದ್ರೂ ಅವು ಬರ್ತಿರ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಫೋಟೋ ತೆಗೆಯುವಾಗ ಹೇಳುವ ಅಂತ ಇದ್ದೆ" ಎಂದಳು.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಅದು ನಾನು ಹೇಳ್ಬೇಕಿತ್ತು. ರಜೆ ಅಂತ ನನಗೆ ತಲೆಗೇ ಹೋಗ್ಲಿಲ್ಲ" ಎಂದರು. ಎರಡು ಬಸ್ಸು ಹಿಡಿದು ಬಂದ ಆ ಅಮ್ಮನಿಗೆ, "ತಪ್ಪಾಯ್ತು. ನಾನು ಸರಿಯಾಗಿ ಕೇಳದೆ ಬರೆದೆ" ಎಂದೆ.

ಅವರು ಸಿಟ್ಟಾಗಲಿಲ್ಲ. ತುಣುಕನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಹಾಗಾದ್ರೆ ನಮ್ಮಲ್ಲಿ ಇಟ್ಟು ನೋಡಿ. ನಮ್ಮಲ್ಲಿ ಮಂಗಗಳಿಗೆ ರಜೆ ಇಲ್ಲ" ಎಂದರು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸರ್ ಕೂಡ ನಕ್ಕರು. ನಾನು ನಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಆ ಶನಿವಾರ ಸರ್, ಹುಡುಗಿ, ನಾನು ಮೂವರೂ ಸರ್ ಕಾರಿನಲ್ಲಿ ಬೆಟ್ಟಂಪಾಡಿಗೆ ಹೋದೆವು. ಅವರ ಸೊಸೆ ಪುನರ್ಪುಳಿ ಶರಬತ್ತು ಮಾಡಿಟ್ಟಿದ್ದರು. ತೋಟದ ಅಂಚಿನಲ್ಲಿ, ಗುಡ್ಡದ ಕಡೆಯಿಂದ ಮಂಗಗಳು ಇಳಿಯುವ ದಾರಿಯನ್ನು ಅಮ್ಮ ತೋರಿಸಿದರು. ಹುಡುಗಿ ಬಾಳೆಯ ಹಿಂಡಿನ ಪಕ್ಕದಲ್ಲಿ ಗೂಟ ನೆಟ್ಟು ಪೆಟ್ಟಿಗೆ ಕಟ್ಟಿದಳು, ಮಳೆ ಬಂದರೆ ಎಂದು ಮೇಲೆ ಪ್ಲಾಸ್ಟಿಕ್ ಹೊದೆಸಿದಳು. ನಾವು ಜಗಲಿಯಲ್ಲಿ ಕಾದೆವು. ಮುಕ್ಕಾಲು ಗಂಟೆಯ ನಂತರ ಹಲಸಿನ ಮರದ ಕೊಂಬೆಗಳು ಅಲುಗಿದವು. ಒಂದೊಂದಾಗಿ ಮಂಗಗಳು ಇಳಿದವು. ಪೆಟ್ಟಿಗೆ ಇದ್ದಕ್ಕಿದ್ದಂತೆ ಬೊಗಳಿತು. ಇಡೀ ಹಿಂಡು ಕಿರುಚುತ್ತಾ ಗುಡ್ಡ ಹತ್ತಿತು. ಮನೆಯ ನಾಯಿ ಕೂಡ ಬಾಲ ಮಡಚಿಕೊಂಡು ದನದ ಹಟ್ಟಿಗೆ ಓಡಿತು.

ನನಗೆ ಎದೆಯ ಭಾರ ಇಳಿದಂತಾಯಿತು. "ನೋಡಿದ್ರಾ, ಕೆಲಸ ಮಾಡ್ತದೆ. ನಾನು ಇವತ್ತೇ ಇನ್ನೊಂದು ಬರೆದು ಕಳಿಸ್ತೇನೆ" ಎಂದೆ.

"ಬೇಡ ಮೇಡಂ. ಹದಿನೈದು ದಿನ ಆಗ್ಲಿ" ಎಂದಳು ಹುಡುಗಿ.

ಪ್ರತಿದಿನ ಏನಾಯಿತು ಎಂದು ಬರೆದಿಡುತ್ತೀರಾ ಎಂದು ಅವಳು ಅಮ್ಮನನ್ನು ಕೇಳಿದಳು. "ಐದನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ನಾನು. ಆದ್ರೆ ಬರೀಲಿಕ್ಕೆ ಬರ್ತದೆ" ಎಂದರು ಅವರು. ಸೊಸೆ ಒಳಗಿನಿಂದ ಅರ್ಧ ಬರೆದು ಬಿಟ್ಟಿದ್ದ ನೋಟು ಪುಸ್ತಕವೊಂದನ್ನು ತಂದುಕೊಟ್ಟರು.

ಹದಿನಾರನೆಯ ದಿನ ಅವರು ಗೋಣಿಚೀಲದಲ್ಲಿ ಪೆಟ್ಟಿಗೆ ಹಾಕಿಕೊಂಡು ಮತ್ತೆ ಕಾಲೇಜಿಗೆ ಬಂದರು. ಪುಸ್ತಕವನ್ನು ನನ್ನ ಕೈಗಿಟ್ಟರು. ಗುಂಡಗಿನ ದೊಡ್ಡ ಅಕ್ಷರಗಳಲ್ಲಿ, ಏನಾದರೂ ನಡೆದ ದಿನಗಳದ್ದು ಮಾತ್ರ, ಹೀಗೆ ಬರೆದಿತ್ತು:

'ಮೊದಲ ದಿನ. ಹನ್ನೊಂದು ಮಂಗ ಬಂತು. ಪೆಟ್ಟಿಗೆ ಬೊಗಳಿತು. ಎಲ್ಲ ಓಡಿದವು. ನಮ್ಮ ನಾಯಿಯೂ ಓಡಿತು.

ಮೂರನೇ ದಿನ. ಮಂಗ ಇಲ್ಲ. ಸೊಸೆ ಹುಲ್ಲು ತರಲು ಹೋದಾಗ ಪೆಟ್ಟಿಗೆ ಬೊಗಳಿತು. ಅವಳಿಗೆ ಹೆದರಿಕೆ ಆಯಿತು.

ಐದನೇ ದಿನ. ಒಂದು ದೊಡ್ಡ ಮಂಗ ಮರದಲ್ಲಿ ಕೂತು ಪೆಟ್ಟಿಗೆಯನ್ನೇ ನೋಡುತ್ತಿತ್ತು. ಇಳಿಯಲಿಲ್ಲ.

ಆರನೇ ದಿನ. ಅದೇ ಮಂಗ ಇಳಿಯಿತು. ಪೆಟ್ಟಿಗೆ ಬೊಗಳಿತು. ಮಂಗ ಎರಡು ಮಾರು ಹಿಂದೆ ಹೋಗಿ ನಿಂತಿತು. ಮತ್ತೆ ಬಂತು.

ಎಂಟನೇ ದಿನ. ಹತ್ತು ಮಂಗ. ಒಂದು ಗೊನೆ ಹೋಯಿತು. ಒಂದು ಮರಿ ಪೆಟ್ಟಿಗೆಯ ಮೇಲೆ ಕೂತು ಹಣ್ಣು ತಿಂದಿತು. ಪೆಟ್ಟಿಗೆ ಬೊಗಳುತ್ತಲೇ ಇತ್ತು.'

ಅಲ್ಲಿಂದ ಮುಂದೆ ಹದಿನೈದನೆಯ ದಿನದವರೆಗೆ ಒಂದೇ ಮಾತು: 'ಎಂಟನೇ ದಿನದ ಹಾಗೆಯೇ.'

ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆದಿದ್ದರು. ಅಷ್ಟು ವರ್ಷ ಮಕ್ಕಳಿಗೆ ಗದ್ಯ ಪಾಠ ಮಾಡಿದ ನನ್ನಿಂದ ಆಗದಿದ್ದದ್ದು ಅದು.

"ನಿಮಗೆ ಸುಮ್ಮನೆ ತೊಂದರೆ ಆಯ್ತು. ಗೊನೆಯೂ ಹೋಯ್ತು" ಎಂದೆ.

"ಅದು ಹೇಗೂ ಹೋಗ್ತಿತ್ತು. ನಾಲ್ಕು ದಿನ ಮನೆಯಲ್ಲಿ ಮಂಗ ಓಡಿಸ್ಲಿಕ್ಕೆ ಡಬ್ಬ ಬಡಿಯುವ ಕೆಲಸ ತಪ್ಪಿತಲ್ಲ" ಎಂದು ಅವರು ಎದ್ದರು. ಮೂರೂವರೆಯ ಬಸ್ಸಿಗೆ ಹೋಗಬೇಕಿತ್ತು.

ಕರೆಗಳು ಇನ್ನೂ ನಿಂತಿರಲಿಲ್ಲ. ಈ ಸುದ್ದಿಯನ್ನು ಸರಿಪಡಿಸಿ ಬರೆಯಬೇಕು ಎಂದು ಪ್ರಾಂಶುಪಾಲರ ಬಳಿ ಹೋದೆ. ಅವರು ಒಳ್ಳೆಯವರು, ಆದರೆ ಕಾಲೇಜಿನ ಹೆಸರು ಎಂದರೆ ಜೀವ.

"ನಾವು ಸೋತದ್ದನ್ನು ನಾವೇ ಪೇಪರಿಗೆ ಕೊಡುದಾ ಮೇಡಂ? ಯಾರಾದ್ರೂ ಹಾಗೆ ಮಾಡಿದ್ದು ಕೇಳಿದ್ದೀರಾ? ಬಿಡಿ, ನಾಲ್ಕು ದಿನ ಹೋದ್ರೆ ಜನ ಮರೀತಾರೆ" ಎಂದರು.

ಅಷ್ಟರಲ್ಲಿ ಅವರ ಮೇಜಿನ ಫೋನು ಬಡಿಯಿತು. ಎತ್ತಿದರು. ಆ ಕಡೆಯವರ ದನಿ ನನಗೂ ಕೇಳಿಸುತ್ತಿತ್ತು. ಕಡಬದ ಕಡೆಯ ಕೃಷಿಕರು, ಪೆಟ್ಟಿಗೆ ಯಾವಾಗ ಸಿಗುತ್ತದೆ, ನಮ್ಮ ಬೈಲಿನಲ್ಲಿ ಐದಾರು ಮನೆಯವರಿಗೆ ಬೇಕು, ನಿಮ್ಮನ್ನು ನಂಬಿ ಬೇರೆ ಯಾವ ವ್ಯವಸ್ಥೆಯೂ ಮಾಡಿಕೊಂಡಿಲ್ಲ ಎಂದು ಹೇಳುತ್ತಿದ್ದರು. ಪ್ರಾಂಶುಪಾಲರು, "ಅದು... ಒಂದು ವಾರ ಬಿಟ್ಟು..." ಎಂದು ಶುರು ಮಾಡಿ ನಡುವೆ ನಿಲ್ಲಿಸಿದರು. ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ, "ಇಲ್ಲ ಮಾರಾಯ್ರೆ, ಅದು ಅಷ್ಟು ಕೆಲಸ ಮಾಡುದಿಲ್ಲ. ಪೇಪರಿನಲ್ಲಿ ಬಂದದ್ದು ಸ್ವಲ್ಪ ಹೆಚ್ಚಾಯ್ತು" ಎಂದು ಹೇಳಿ ಫೋನಿಟ್ಟರು.

"ಬರೀರಿ ಮೇಡಂ. ಆದ್ರೆ ಮಕ್ಕಳಿಗೆ ಬೇಸರ ಆಗ್ಬಾರ್ದು" ಎಂದರು.

ಮಕ್ಕಳಿಗೆ ಬೇಸರವಾಗದ ಹಾಗೆ ಬರೆಯುವುದು ಹೇಗೆಂದು ಆ ಹುಡುಗಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. 'ಪ್ರಯೋಗ ಭಾಗಶಃ ಯಶಸ್ವಿಯಾಗಿದೆ' ಎಂದು ಬರೆದೆ.

"ಭಾಗಶಃ ಅಂದ್ರೆ ಎಷ್ಟು ಮೇಡಂ? ನಾಲ್ಕು ದಿನ ಅಂತಲೇ ಬರೀಬಹುದಲ್ಲ" ಎಂದಳು.

ಅಳಿಸಿದೆ. 'ಇನ್ನೂ ಹೆಚ್ಚಿನ ಸಂಶೋಧನೆ ನಡೆಯುತ್ತಿದೆ' ಎಂದು ಸೇರಿಸಿದೆ.

"ನಡೀತಾ ಇಲ್ಲ ಮೇಡಂ. ನಮಗೆ ಪರೀಕ್ಷೆ ಉಂಟು."

ಅದನ್ನೂ ಅಳಿಸಿದೆ. ಕೊನೆಗೆ ಉಳಿದದ್ದು ಎಂಟು ವಾಕ್ಯ. ಮೊದಲು ಬರೆದದ್ದು ತಪ್ಪು, ಆಗ ಪೆಟ್ಟಿಗೆಯನ್ನು ಮಂಗಗಳ ಎದುರು ಪರೀಕ್ಷಿಸಿರಲಿಲ್ಲ. ಈಗ ಒಂದು ತೋಟದಲ್ಲಿ ಪರೀಕ್ಷಿಸಿದ್ದೇವೆ. ನಾಲ್ಕು ದಿನ ಹೆದರಿದವು, ಎಂಟನೆಯ ದಿನಕ್ಕೆ ಪೂರ್ತಿ ಅಭ್ಯಾಸವಾಯಿತು. ಪೆಟ್ಟಿಗೆ ಸದ್ಯ ಯಾರಿಗೂ ಲಭ್ಯವಿಲ್ಲ. ಬೆಟ್ಟಂಪಾಡಿಯ ಅಮ್ಮನ ಅನುಮತಿ ಪಡೆದು, ಅವರ ಎಂಟನೆಯ ದಿನದ ಟಿಪ್ಪಣಿಯನ್ನು ಹಾಗೆಯೇ ಇಟ್ಟೆ.

ವರದಿಗಾರರು ಫೋನಿನಲ್ಲಿ, "ಫೇಲಾದ ಸುದ್ದಿಯನ್ನು ಯಾರು ಹಾಕ್ತಾರೆ ಮೇಡಂ?" ಎಂದರು. ಆಮೇಲೆ ಓದುತ್ತಾ ಹೋದ ಹಾಗೆ ದನಿ ಬದಲಾಯಿತು. "ಮರಿ ಪೆಟ್ಟಿಗೆಯ ಮೇಲೆ ಕೂತು ತಿಂದಿತಾ?" ಎಂದು ಜೋರಾಗಿ ನಕ್ಕು, "ಹಾಕುವ" ಎಂದರು. ಹಾಕಿದರು. ಒಂದೇ ಕಾಲಮ್ಮು, ಫೋಟೋ ಇಲ್ಲ, ಪುಟದ ಕೆಳಗೆ. ಬೇರೆ ಪತ್ರಿಕೆಗಳಲ್ಲಿ ಬರಲೇ ಇಲ್ಲ. ಚಿಕ್ಕಮ್ಮನ ವಾಟ್ಸಾಪಿನಲ್ಲಿ ಮೊದಲಿನ ತುಣುಕೇ ಇನ್ನೂ ಸುತ್ತುತ್ತಿತ್ತು.

ಹಾಗಾಗಿ ನಾಲ್ಕು ಪುಟಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಲು ಶುರು ಮಾಡಿದೆ. ದಿನವೂ ಕ್ಲಾಸು ಮುಗಿದ ಮೇಲೆ ಒಂದು ಗಂಟೆ. ಕೆಲವರು "ಆಯ್ತು, ತಿಳಿಸಿದ್ದು ಒಳ್ಳೇದಾಯ್ತು" ಎಂದರು. ಒಬ್ಬರು, ನಿಮಗೆಲ್ಲ ಪೇಪರಿನಲ್ಲಿ ಮುಖ ಬಂದರೆ ಸಾಕು ಎಂದು ಗದರಿದರು. ಅವರಲ್ಲೂ ತಪ್ಪಾಯ್ತು ಎಂದೆ. ಸುಳ್ಯದ ಹತ್ತಿರದ ಒಬ್ಬರು ಮಾತ್ರ ನಾನು ಹೇಳಿ ಮುಗಿಸಿದ ಮೇಲೂ ಫೋನಿಡಲಿಲ್ಲ.

"ನಾಲ್ಕು ದಿನ ಗ್ಯಾರಂಟಿ ಹೆದರ್ತವಾ ಮೇಡಂ?"

"ಗ್ಯಾರಂಟಿ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಒಂದು ತೋಟದಲ್ಲಿ ಹಾಗೆ ಆಯ್ತು, ಅಷ್ಟೇ."

"ನನಗೆ ನಾಲ್ಕು ದಿನವೇ ಸಾಕು. ನನ್ನದು ರಂಬುಟಾನ್. ಹಣ್ಣು ಕೆಂಪಾಗಿ ಕೊಯ್ದು ಮುಗಿಯುವವರೆಗೆ ಮಂಗ ಬರದಿದ್ರೆ ಆಯ್ತು. ಉಳಿದ ದಿನ ಅವು ಬಂದ್ರೆ ಎಂತ, ಮರದಲ್ಲಿ ಎಲೆ ಮಾತ್ರ ಇರುದು."

ಇದು ನಮ್ಮ ಮೂವರ ತಲೆಗೂ ಹೊಳೆದಿರಲಿಲ್ಲ. ಹುಡುಗಿಗೆ ಹೇಳಿದಾಗ ಅವಳ ಕಣ್ಣು ಅರಳಿದ್ದನ್ನು ನೋಡಬೇಕಿತ್ತು. "ಹಾಗಾದ್ರೆ ಅದನ್ನು ಮೊದಲೇ ಇಡ್ಬಾರ್ದು ಮೇಡಂ. ಕೊಯ್ಲಿನ ಹಿಂದಿನ ದಿನವೇ ಇಡ್ಬೇಕು. ಅವುಗಳಿಗೆ ಅಭ್ಯಾಸ ಆಗ್ಬಾರ್ದಲ್ಲ" ಎಂದು ಆಗಲೇ ಲೆಕ್ಕ ಹಾಕತೊಡಗಿದಳು. ಮಳೆ ಹಿಡಿದ ಒಂದು ವಾರದಲ್ಲಿ ಅವಳೂ ಸರ್ ಕೂಡ ಸುಳ್ಯಕ್ಕೆ ಹೋಗಿ ಪೆಟ್ಟಿಗೆ ಕಟ್ಟಿ ಬಂದರು. ಐದು ದಿನ ಮಂಗಗಳು ದೂರ ನಿಂತವು. ಅಷ್ಟರಲ್ಲಿ ಹಣ್ಣು ಕೊಯ್ದಾಯಿತು. ಆರನೆಯ ದಿನ ಆ ಕೃಷಿಕರು ಪೆಟ್ಟಿಗೆಯನ್ನೂ ಒಂದು ಬುಟ್ಟಿ ರಂಬುಟಾನನ್ನೂ ಕಾಲೇಜಿಗೆ ತಂದುಕೊಟ್ಟರು. ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷದಲ್ಲಿ ಬುಟ್ಟಿ ಖಾಲಿ.

ಅದರ ಸುದ್ದಿಯನ್ನೂ ಬರೆದೆ. ಈ ಸಲ ಕಳಿಸುವ ಮೊದಲು ಆ ಕೃಷಿಕರಿಗೆ, ಹುಡುಗಿಗೆ, ಸರ್ ಗೆ ಓದಿ ಹೇಳಿದೆ. 'ಕೊಯ್ಲಿನ ನಾಲ್ಕೈದು ದಿನಕ್ಕೆ ಮಾತ್ರ' ಎಂಬುದನ್ನು ಶೀರ್ಷಿಕೆಯಲ್ಲೇ ಹಾಕಿದೆ. ಕರೆಗಳು ಕಡಿಮೆ ಬಂದವು, ಆದರೆ ಬಂದವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು.

ಹುಡುಗಿ ತನ್ನ ಪ್ರಾಜೆಕ್ಟ್ ವರದಿಗೆ ಅಮ್ಮನ ನೋಟು ಪುಸ್ತಕದ ಪುಟಗಳ ಪ್ರತಿಯನ್ನು ಲಗತ್ತಿಸಿದಳು. ಪರೀಕ್ಷಕರಾಗಿ ಬಂದವರು ಆ ಪುಟಗಳನ್ನು ಬಹಳ ಹೊತ್ತು ಓದಿದರಂತೆ. ಈಗ ಅವಳು ಎಂ.ಎಸ್ಸಿ. ಓದುತ್ತಿದ್ದಾಳೆ. ಬೆಟ್ಟಂಪಾಡಿಯ ಅಮ್ಮ ಮತ್ತೆ ಡಬ್ಬ ಬಡಿಯುತ್ತಿದ್ದಾರೆ. ಆಗೊಮ್ಮೆ ಈಗೊಮ್ಮೆ ಪುತ್ತೂರು ಸಂತೆಯಲ್ಲಿ ಸಿಕ್ಕಿದರೆ, "ಈಗ ಎಂತ ಬರೀತಿದ್ದೀರಿ ಟೀಚರೇ?" ಎಂದು ಕೇಳುತ್ತಾರೆ.

ಆ ವರ್ಷದ ಕೊನೆಗೆ ಪ್ರಾಂಶುಪಾಲರು ನನ್ನನ್ನು ಕರೆದು, ಹೊಸದಾಗಿ ಸೇರಿದ ಒಬ್ಬರು ಈ ಕೆಲಸಕ್ಕೆ ತಯಾರಿದ್ದಾರೆ, ನಿಮಗೆ ಹೊರೆಯಾದರೆ ಬಿಡಬಹುದು ಎಂದರು. ಹಿಂದಿನ ವರ್ಷವಾಗಿದ್ದರೆ ಕೈ ಮುಗಿದು ಬಿಟ್ಟುಬಿಡುತ್ತಿದ್ದೆ.

"ಇರ್ಲಿ ಸರ್, ಇನ್ನೊಂದು ವರ್ಷ ನಾನೇ ಮಾಡ್ತೇನೆ. ಅವರನ್ನೂ ಜೊತೆಗೆ ಸೇರಿಸ್ಕೊಳ್ತೇನೆ" ಎಂದೆ. ಅವರು ತಲೆಯಾಡಿಸಿ, ಮರುದಿನ ರಸಾಯನಶಾಸ್ತ್ರದ ಮಕ್ಕಳು ಬಾವಿ ನೀರು ಪರೀಕ್ಷೆಗೆ ಉಪ್ಪಿನಂಗಡಿಗೆ ಹೋಗುತ್ತಿದ್ದಾರೆ, ಅದರ ಸುದ್ದಿ ಮಾಡಬೇಕು ಎಂದರು. ಎಷ್ಟು ಗಂಟೆಗೆ ಹೊರಡುತ್ತಾರೆ ಎಂದು ಕೇಳಿಕೊಂಡು, ಹೊಸಬರನ್ನೂ ಕರೆದುಕೊಂಡು ಆ ಮಕ್ಕಳ ವ್ಯಾನಿನಲ್ಲೇ ಹೋದೆ.